ಬೀಳುವ ಕ್ಷಣ, ಏಳುವ ಕಾಲ

ಪೀಠಿಕೆ

ನಡೆಯುವವನು ಎಡವದೆ ಕುಳಿತವನು ಎಡವುವನೆ ಎಂಬ ಗಾದೆ ಕನ್ನಡಿಗರೆಲ್ಲರಿಗೂ ಗೊತ್ತು. ಎಡವುವುದು ನಡಿಗೆಯ ಜೊತೆಗೇ ಹುಟ್ಟಿದ ಸಂಗತಿ. ಕಾಲ್ನಡಿಗೆಯಲ್ಲಿ ಎಡವಿದವನ ಹೆಬ್ಬೆರಳಿನ ಉಗುರು ಕಿತ್ತೀತು. ಗಂಟೆಗೆ 150 ಕಿಲೋಮೀಟರು ವೇಗದಲ್ಲಿ ಎರಡು ಗಾಲಿಗಳ ಮೇಲೆ ಧಾವಿಸುವವನು ಎಡವಿದರೆ ಎಲುಬು ಮುರಿದೀತು, ಪ್ರಾಣವೇ ಹೋದೀತು. ಆದರೂ ಮನುಷ್ಯನು ವೇಗದ ಹಂಬಲವನ್ನು ಬಿಟ್ಟವನಲ್ಲ. ಆ ಹಂಬಲಕ್ಕೆ ಸಾರ್ವಜನಿಕ ರಸ್ತೆಯು ತಕ್ಕ ಸ್ಥಳವಲ್ಲವೆಂದು ಅರಿತು, ಅದಕ್ಕಾಗಿಯೇ ಬೇರೆ ಪಥಗಳನ್ನು ಕಟ್ಟಿಕೊಂಡಿದ್ದಾನೆ.

ಮೋಟಾರ್ ಸೈಕಲ್ ಪಂದ್ಯದ ಪಥದಲ್ಲಿ ಬೀಳುವುದು ಹೇಗೆ, ಬಿದ್ದ ಮೇಲೆ ದೇಹವು ತನ್ನನ್ನು ತಾನು ಹೇಗೆ ಕಟ್ಟಿಕೊಳ್ಳುತ್ತದೆ, ಬಿದ್ದವನು ಮತ್ತೆ ಏರುವುದು ಯಾವಾಗ ಎಂಬ ಮೂರು ಪ್ರಶ್ನೆಗಳು ಇಲ್ಲಿಯ ವಿಷಯ. ಮೊದಲ ಎರಡಕ್ಕೆ ಭೌತಶಾಸ್ತ್ರ ಮತ್ತು ಶರೀರಶಾಸ್ತ್ರಗಳು ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದುದು ಮನುಷ್ಯನ ವಿವೇಕ. ಲೋಕವಿಖ್ಯಾತರಾದ ಸವಾರರೂ ತಪ್ಪಿದ್ದು ಈ ಮೂರನೆಯ ಪ್ರಶ್ನೆಯಲ್ಲಿಯೇ.

ಪಥದ ದಿನ

ಪಂದ್ಯವಿಲ್ಲದ ದಿನಗಳಲ್ಲಿ ಓಟದ ಪಥವನ್ನು ಸಾಮಾನ್ಯ ಸವಾರರಿಗೆ ತೆರೆದಿಡುವ ಪದ್ಧತಿಯೊಂದು ಅನೇಕ ದೇಶಗಳಲ್ಲಿದೆ. ಅದನ್ನು ‘ಟ್ರ್ಯಾಕ್ ಡೇ’ ಎಂದು ಕರೆಯುತ್ತಾರೆ. ಅಂದು ಗೆಲುವು ಸೋಲುಗಳಿಲ್ಲ, ಬಹುಮಾನವಿಲ್ಲ. ಶುಲ್ಕ ತೆತ್ತು ಬಂದವರನ್ನು ಅವರವರ ಅನುಭವಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಸರದಿಯಂತೆ ಪಥಕ್ಕೆ ಬಿಡುತ್ತಾರೆ. ಮೊದಲು ನಿಯಮಗಳ ವಿವರಣೆ ನಡೆಯುತ್ತದೆ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದಿಕ್ಕಬಾರದು. ಕೆಂಪು ಬಾವುಟ ಕಂಡರೆ ಓಟ ನಿಂತಿತು, ನಿಧಾನವಾಗಿ ಮರಳಬೇಕು. ಕನ್ನಡಿಗಳನ್ನು ಕಳಚುತ್ತಾರೆ ಇಲ್ಲವೇ ಪಟ್ಟಿ ಅಂಟಿಸಿ ಮುಚ್ಚುತ್ತಾರೆ, ಏಕೆಂದರೆ ಇಲ್ಲಿ ಸವಾರನ ದೃಷ್ಟಿ ಮುಂದಿರಬೇಕೇ ಹೊರತು ಹಿಂದಲ್ಲ.

ಭಾರತದಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿಯೂ ಕೊಯಮತ್ತೂರಿನ ಕಾರಿ ಪಥದಲ್ಲಿಯೂ ಗ್ರೇಟರ್ ನೋಯ್ಡಾದ ಬುದ್ಧ ಪಥದಲ್ಲಿಯೂ ಮೋಟಾರ್ ಸೈಕಲ್ಲುಗಳು ಓಡಿವೆ. ಬುದ್ಧ ಪಥದ ಒಂದು ಸುತ್ತು 5 ಕಿಲೋಮೀಟರಿಗೂ ಹೆಚ್ಚು. 2023ರ ಸೆಪ್ಟೆಂಬರಿನಲ್ಲಿ ಮೋಟೋಜಿಪಿ ಎಂಬ ವಿಶ್ವಶ್ರೇಣಿಯ ಪಂದ್ಯವು ಭಾರತದಲ್ಲಿ ಮೊದಲ ಬಾರಿಗೆ ಅಲ್ಲಿಯೇ ನಡೆಯಿತು. ಬೆಂಗಳೂರಿನ ಸವಾರರು ಚೆನ್ನೈಗೋ ಕೊಯಮತ್ತೂರಿಗೋ ಹೋಗಿ ಪಥದ ಅಭ್ಯಾಸ ಮಾಡುವುದುಂಟು.

ಪಥವು ರಸ್ತೆಗಿಂತ ಸುರಕ್ಷಿತವೆಂಬ ಮಾತಿನಲ್ಲಿ ಸತ್ಯವಿದೆ. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ. ಅಂಚಿನಲ್ಲಿ ವಿದ್ಯುತ್ ಕಂಬವಿಲ್ಲ, ಅಡ್ಡ ಬರುವ ದನಕರುಗಳಿಲ್ಲ. ತಿರುವುಗಳ ಹೊರಗೆ ಜಾರಿದವನ ವೇಗವನ್ನು ತಗ್ಗಿಸುವ ಜಲ್ಲಿಯ ಹಾಸು ಇರುತ್ತದೆ. ಬಾವುಟ ಹಿಡಿದ ಸಿಬ್ಬಂದಿಯೂ ಆಂಬುಲೆನ್ಸೂ ಸಿದ್ಧವಿರುತ್ತವೆ. ಆದರೆ ಸುರಕ್ಷಿತವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂಬ ಸೂತ್ರವು ಪಥದ ಒಳಗೂ ಹೊರಗೂ ಒಂದೇ.

ಬೀಳುವ ಬಗೆಗಳು

ಮೋಟಾರ್ ಸೈಕಲ್ಲಿನ ಟಯರು ನೆಲವನ್ನು ಮುಟ್ಟುವ ಜಾಗ ಅಂಗೈಯಗಲಕ್ಕಿಂತ ದೊಡ್ಡದಲ್ಲ. ವೇಗ ಹೆಚ್ಚಿಸುವುದು, ಬ್ರೇಕು ಹಾಕುವುದು, ತಿರುಗುವುದು, ಈ ಎಲ್ಲ ಕೆಲಸವೂ ಅಷ್ಟೇ ಜಾಗದ ಹಿಡಿತದಿಂದ ನಡೆಯಬೇಕು. ಹಿಡಿತವು ಒಂದು ಮಿತವಾದ ಬಂಡವಾಳ. ಅದರ ಬಹುಭಾಗವನ್ನು ತಿರುವಿಗಾಗಿ ವೆಚ್ಚ ಮಾಡಿದವನಿಗೆ ಬ್ರೇಕಿಗಾಗಿ ಉಳಿಯುವುದು ಸ್ವಲ್ಪವೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಟಯರಿಗೂ ಸಲ್ಲುತ್ತದೆ.

ಈ ಮಿತಿಯನ್ನು ಮೀರಿದಾಗ ಬೀಳುವ ಬಗೆ ಮುಖ್ಯವಾಗಿ ಎರಡು. ವಾಲಿದ ಸ್ಥಿತಿಯಲ್ಲಿ ಮುಂದಿನ ಬ್ರೇಕನ್ನು ಬಲವಾಗಿ ಹಿಡಿದರೆ, ಅಥವಾ ಟಯರು ಇನ್ನೂ ಬಿಸಿಯಾಗಿರದಿದ್ದರೆ, ಗಾಲಿ ಜಾರಿ ವಾಹನವು ತಿರುವಿನ ಒಳಮಗ್ಗುಲಿಗೆ ಮಲಗುತ್ತದೆ. ಸವಾರನು ಅದರ ಹಿಂದೆ ನೆಲದ ಮೇಲೆ ಜಾರಿಕೊಂಡು ಹೋಗುತ್ತಾನೆ. ಇದಕ್ಕೆ ‘ಲೋಸೈಡ್’ ಎಂದು ಹೆಸರು. ನೆಲಕ್ಕೂ ಸವಾರನಿಗೂ ಮೊದಲೇ ಅಂತರ ಕಡಿಮೆಯಿರುವುದರಿಂದ ಇದರಲ್ಲಿ ಅನೇಕ ವೇಳೆ ಚರ್ಮದ ಉಡುಪು ಸವೆಯುವುದರೊಡನೆ ಪ್ರಕರಣ ಮುಗಿಯುತ್ತದೆ.

ಎರಡನೆಯದು ಘೋರವಾದುದು. ತಿರುವಿನಿಂದ ಹೊರಬರುವಾಗ ಹಿಂದಿನ ಗಾಲಿ ಹೊರಕ್ಕೆ ಜಾರತೊಡಗುತ್ತದೆ. ಬೆದರಿದ ಸವಾರನು ಎಂಜಿನ್ನಿನ ವೇಗವನ್ನು ತಟ್ಟನೆ ತಗ್ಗಿಸಿದರೆ ಗಾಲಿಗೆ ಹಿಡಿತ ಮರಳಿ ಸಿಗುತ್ತದೆ. ಹಿಡಿತ ಮರಳುವುದು ಒಳ್ಳೆಯದಲ್ಲವೇ ಎಂದು ತೋರಬಹುದು. ಆದರೆ ಆಗ ವಾಹನವು ಓರೆಯಾಗಿರುತ್ತದೆ; ಹಿಡಿತ ಸಿಕ್ಕೊಡನೆ ಬಗ್ಗಿಸಿದ ಬಿಲ್ಲಿನಂತೆ ಸೆಟೆದು ನಿಂತು, ಸವಾರನನ್ನು ಹೊರಮಗ್ಗುಲಿಗೆ ಎಸೆಯುತ್ತದೆ. ಇದೇ ‘ಹೈಸೈಡ್’. ಇದರಲ್ಲಿ ಸವಾರನು ಗಾಳಿಯಲ್ಲಿ ಹಾರಿ ಮೇಲಿನಿಂದ ಬೀಳುತ್ತಾನೆ. ಕೆಲವೊಮ್ಮೆ ಅವನ ವಾಹನವೇ ಅವನ ಮೇಲೆ ಬಂದೆರಗುತ್ತದೆ.

ಇವೆರಡೂ ಸಂಭವಿಸುವ ಸಂದರ್ಭಗಳು ತರಬೇತುದಾರರಿಗೆ ಚಿರಪರಿಚಿತ. ಟಯರು ತಣ್ಣಗಿರುವ ಮೊದಲ ಸುತ್ತು ಒಂದು. ಮೈಮನಗಳು ದಣಿದಿದ್ದರೂ ಇನ್ನೊಂದು ಸುತ್ತು ಸಾಕೆಂದು ಹೊರಡುವ ಸಂಜೆಯ ಸರದಿ ಇನ್ನೊಂದು. ಹಿಂದಿಕ್ಕಿ ಹೋದವನನ್ನು ಹಿಡಿದೇ ತೀರಬೇಕೆಂಬ ಹಟ ಮೂರನೆಯದು. ನಾಲ್ಕನೆಯದು ದೃಷ್ಟಿಗೆ ಸಂಬಂಧಿಸಿದುದು. ಕಣ್ಣು ನೆಟ್ಟ ಕಡೆಗೇ ವಾಹನ ಸಾಗುತ್ತದೆ. ಜಲ್ಲಿಯ ಹಾಸನ್ನು ಭಯದಿಂದ ದಿಟ್ಟಿಸಿದವನು ಅಲ್ಲಿಗೇ ಹೋಗಿ ಸೇರುತ್ತಾನೆ.

ಬಿದ್ದ ಮೊದಲ ಗಳಿಗೆ

ಬೀಳುವುದು ಖಚಿತವಾದ ಮೇಲೆ ವಾಹನವನ್ನು ಹಿಡಿದುಕೊಂಡಿರುವುದು ತಪ್ಪು. ಅದನ್ನು ಬಿಟ್ಟು ದೂರ ಸರಿಯಬೇಕು. ನೆಲಕ್ಕೆ ಕೈಯೂರಿ ದೇಹವನ್ನು ತಡೆಯಲು ಹೋದವನ ಮಣಿಕಟ್ಟು ಮುರಿಯುತ್ತದೆ. ಭುಜದ ಮೇಲೆ ಬಿದ್ದವನ ಕೊರಳೆಲುಬು ಮುರಿಯುತ್ತದೆ. ಜಾರುವಿಕೆ ಪೂರ್ಣವಾಗಿ ನಿಲ್ಲುವ ಮುನ್ನ ಎದ್ದು ನಿಲ್ಲಲು ಯತ್ನಿಸುವುದು ಇನ್ನೊಂದು ಸಾಮಾನ್ಯ ತಪ್ಪು. ತಾನು ನಿಂತಿದ್ದೇನೆಂದು ಸವಾರನು ಭ್ರಮಿಸುವಾಗ ದೇಹವು ಇನ್ನೂ ಸಾಕಷ್ಟು ವೇಗದಲ್ಲಿ ಸಾಗುತ್ತಿರುತ್ತದೆ.

ಈ ಗಳಿಗೆಯಲ್ಲಿ ಕಾಪಾಡುವುದು ಉಡುಪು. ದಪ್ಪ ಚರ್ಮದ ಒಂದೇ ತುಂಡಿನ ಉಡುಪು, ಬೆನ್ನೆಲುಬಿನ ಕವಚ, ಮಣಿಕಟ್ಟನ್ನು ಮುಚ್ಚುವ ಕೈಗವಸು, ಕಣಕಾಲನ್ನು ಬಿಗಿಹಿಡಿಯುವ ಬೂಟು, ಪೂರ್ಣ ಮುಖವನ್ನು ಆವರಿಸುವ ಶಿರಸ್ತ್ರಾಣ, ಇವು ಅಲಂಕಾರಗಳಲ್ಲ. ಬೀಳುವ ಕ್ಷಣವನ್ನು ಯಂತ್ರವೇ ಗುರುತಿಸಿ, ಕಣ್ಣುರೆಪ್ಪೆ ಮುಚ್ಚುವುದರೊಳಗೆ ಉಬ್ಬಿಕೊಳ್ಳುವ ಗಾಳಿಚೀಲದ ಉಡುಪನ್ನು ಮೋಟೋಜಿಪಿ ಪಂದ್ಯಗಳಲ್ಲಿ 2018ರಿಂದ ಕಡ್ಡಾಯ ಮಾಡಲಾಗಿದೆ. ಶಿರಸ್ತ್ರಾಣದ ಒಳಗಿನ ಹಗುರವಾದ ಪದರವು ತಾನು ಜಜ್ಜಿಹೋಗಿ ತಲೆಯ ಪೆಟ್ಟನ್ನು ನುಂಗುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬದು. ಆದುದರಿಂದ ಒಮ್ಮೆ ಪೆಟ್ಟು ತಿಂದ ಶಿರಸ್ತ್ರಾಣವು ಹೊರಗೆ ಎಷ್ಟೇ ಹೊಸದಾಗಿ ಕಂಡರೂ ಅದನ್ನು ತ್ಯಜಿಸಬೇಕು.

ಬಿದ್ದವನು ಹಲವು ವೇಳೆ ಎದ್ದು ನಿಂತು, ಏನೂ ಆಗಿಲ್ಲವೆನ್ನುತ್ತಾನೆ. ಆ ಮಾತನ್ನು ನಂಬಬಾರದು. ಅಪಾಯದ ಹೊತ್ತಿನಲ್ಲಿ ದೇಹವು ಅಡ್ರಿನಲಿನ್ ಎಂಬ ಸ್ರಾವವನ್ನು ರಕ್ತಕ್ಕೆ ಬಿಟ್ಟು ಎದೆಬಡಿತವನ್ನೂ ಚುರುಕನ್ನೂ ಹೆಚ್ಚಿಸುತ್ತದೆ. ಆ ಹೊತ್ತಿಗೆ ನೋವು ಮರೆಯಾಗಿರುತ್ತದೆ. ತಲೆಗೆ ಪೆಟ್ಟು ಬಿದ್ದು ಗೊಂದಲ, ವಾಂತಿ, ಮಂಪರು, ಹೆಚ್ಚುವ ತಲೆನೋವು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಅಂಥವನು ಅಂದು ಮತ್ತೆ ವಾಹನವೇರುವ ಮಾತೇ ಇಲ್ಲ. ಕುತ್ತಿಗೆಗೆ ಪೆಟ್ಟಾಗಿರಬಹುದೆಂಬ ಸಂಶಯವಿದ್ದಾಗ ತಿಳಿಯದವರು ಗಾಯಾಳುವನ್ನು ಎತ್ತಿ ಕೂರಿಸುವುದಾಗಲಿ ಶಿರಸ್ತ್ರಾಣವನ್ನು ಎಳೆದು ತೆಗೆಯುವುದಾಗಲಿ ಕೂಡದು.

ಮಣಿಕಟ್ಟಿನಲ್ಲಿ ದೋಣಿಯಾಕಾರದ ಪುಟ್ಟ ಎಲುಬೊಂದಿದೆ. ಹೆಬ್ಬೆರಳಿನ ಬುಡದಲ್ಲಿರುವ ಇದು ಮುರಿದರೂ ಮೊದಲ ದಿನದ ಎಕ್ಸ್‌ರೇ ಚಿತ್ರದಲ್ಲಿ ಕಾಣದಿರಬಹುದು. ಅದಕ್ಕೆ ರಕ್ತ ಬರುವ ದಾರಿ ಇಕ್ಕಟ್ಟಾದುದರಿಂದ ಕೂಡುವುದೂ ನಿಧಾನ. ಬರಿಯ ಉಳುಕೆಂದು ಅಸಡ್ಡೆ ಮಾಡಿದವನ ಮಣಿಕಟ್ಟು ಬಾಳೆಲ್ಲ ನೋಯುತ್ತದೆ. ಆದುದರಿಂದಲೇ ಅಲ್ಲಿ ನೋವಿದ್ದರೆ ವೈದ್ಯರು ಎರಡು ವಾರಗಳೊಳಗೆ ಇನ್ನೊಮ್ಮೆ ಚಿತ್ರ ತೆಗೆಸಿ ನೋಡುತ್ತಾರೆ.

ಎಲುಬು ಕೂಡುವ ಕ್ರಮ

ಎಲುಬು ಒಣ ಕಟ್ಟಿಗೆಯಲ್ಲ. ಅದೊಂದು ಜೀವಂತ ಅಂಗ. ಅದು ಮುರಿದೊಡನೆ ಆ ಸ್ಥಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಆ ಹೆಪ್ಪಿನೊಳಗೆ ಹೊಸ ರಕ್ತನಾಳಗಳೂ ಜೀವಕೋಶಗಳೂ ಪ್ರವೇಶಿಸುತ್ತವೆ. ಎರಡು ಮೂರು ವಾರಗಳಲ್ಲಿ ಮೃದುವಾದ ಬೆಸುಗೆಯೊಂದು ಮುರಿದ ತುದಿಗಳನ್ನು ಸೇರಿಸುತ್ತದೆ. ಮುಂದಿನ ವಾರಗಳಲ್ಲಿ ಅದರೊಳಗೆ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ. ಅನಂತರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಉಬ್ಬಿದ ಬೆಸುಗೆಯನ್ನು ದೇಹವೇ ಕೆತ್ತಿ ತಿದ್ದಿ ಮೊದಲಿನ ಆಕಾರಕ್ಕೆ ತರುತ್ತದೆ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಪ್ರತಿಪಾದಿಸಿದನು.

ಶಸ್ತ್ರವೈದ್ಯರು ಮುರಿದ ಎಲುಬಿಗೆ ಲೋಹದ ಪಟ್ಟಿ ಇಟ್ಟು ತಿರುಪು ಮೊಳೆಗಳಿಂದ ಬಿಗಿಯುತ್ತಾರೆ. ಪಟ್ಟಿ ಬಿಗಿದ ಮಾತ್ರಕ್ಕೆ ಎಲುಬು ಕೂಡಿತೆಂದು ತಿಳಿಯುವುದು ದೊಡ್ಡ ಭ್ರಮೆ. ಪಟ್ಟಿಯು ಎಲುಬನ್ನು ಕೂಡಿಸುವುದಿಲ್ಲ. ಕೂಡುವವರೆಗೆ ತುದಿಗಳನ್ನು ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಕಬ್ಬಿಣದ ತಂತಿಯನ್ನು ಅತ್ತಿತ್ತ ಮತ್ತೆ ಮತ್ತೆ ಬಗ್ಗಿಸಿದರೆ ಅದು ತುಂಡಾಗುವುದನ್ನು ಮಕ್ಕಳೂ ಕಂಡಿದ್ದಾರೆ. ಎಲುಬು ಕೂಡುವ ಮೊದಲೇ ಭಾರ ಹೇರಿದರೆ ಆ ಭಾರವೆಲ್ಲ ಪಟ್ಟಿಯ ಮೇಲೆ ಬಿದ್ದು, ಲೋಹವು ದಣಿದು ಮುರಿಯುತ್ತದೆ. ಎಲುಬು ಮೊದಲು ಕೂಡುವುದೋ ಪಟ್ಟಿ ಮೊದಲು ಮುರಿಯುವುದೋ ಎಂಬ ಪಂದ್ಯವೊಂದು ದೇಹದೊಳಗೆ ನಡೆದಿರುತ್ತದೆ. ಆ ಪಂದ್ಯದಲ್ಲಿ ಗೆಲ್ಲಬೇಕಾದವನು ಅವಸರ ಮಾಡಬಾರದು.

ಹಾಗೆಂದು ವಿಶ್ರಾಂತಿಯೆಂದರೆ ಜಡವಾಗಿ ಬಿದ್ದಿರುವುದೂ ಅಲ್ಲ. ಬಳಕೆಯಿಲ್ಲದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ, ಕೀಲು ಬಿಗಿಯುತ್ತದೆ. ವೈದ್ಯರು ಹೇಳಿದಷ್ಟು ಚಲನೆ, ಹೇಳಿದ ದಿನದಿಂದ, ಹೇಳಿದ ಮಿತಿಯಲ್ಲಿ ನಡೆಯಬೇಕು. ಹಾಲು, ಬೇಳೆಕಾಳು, ಸುಣ್ಣದಂಶ ಹೇರಳವಾಗಿರುವ ರಾಗಿ ಮೊದಲಾದವುಗಳಿಂದ ಕೂಡಿದ ಆಹಾರವೂ ಎಳೆಬಿಸಿಲೂ ಎಲುಬಿಗೆ ಹಿತ. ಧೂಮಪಾನವು ಎಲುಬು ಕೂಡುವುದನ್ನು ನಿಧಾನಗೊಳಿಸುತ್ತದೆಂಬುದು ಸಿದ್ಧವಾದ ಸಂಗತಿ.

ಅವಸರದ ಮರಳುವಿಕೆ: ಎರಡು ನಿದರ್ಶನಗಳು

2013ರ ಜೂನ್ 27ರಂದು ನೆದರ್ಲೆಂಡ್ಸಿನ ಅಸೆನ್ ಪಥದಲ್ಲಿ, ಮಳೆಯಲ್ಲಿ ಅಭ್ಯಾಸ ನಡೆದಿದ್ದಾಗ, ಸ್ಪೇನ್ ದೇಶದ ಹೋರ್ಹೆ ಲೊರೆನ್ಸೊ ಬಿದ್ದು ಎಡ ಕೊರಳೆಲುಬನ್ನು ಮುರಿದುಕೊಂಡನು. ಅವನು ಹಿಂದಿನ ವರ್ಷದ ವಿಶ್ವವಿಜೇತ. ಅಂದೇ ವಿಮಾನದಲ್ಲಿ ಬಾರ್ಸಿಲೋನಾಕ್ಕೆ ಹೋಗಿ ಪಟ್ಟಿ ಹಾಕಿಸಿಕೊಂಡು ಮರಳಿ, 29ರಂದು ಪಂದ್ಯದಲ್ಲಿ ಓಡಿ ಐದನೆಯವನಾಗಿ ಮುಗಿಸಿದನು. ಲೋಕವು ಅವನ ಕೆಚ್ಚನ್ನು ಕೊಂಡಾಡಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡು ವಾರಗಳ ಬಳಿಕ ಜರ್ಮನಿಯ ಸಾಕ್ಸೆನ್‌ರಿಂಗ್ ಪಥದಲ್ಲಿ ಮತ್ತೆ ಬಿದ್ದಾಗ ಆ ಪಟ್ಟಿಯೇ ಬಾಗಿತು. ಮತ್ತೆ ಶಸ್ತ್ರಚಿಕಿತ್ಸೆಯಾಗಿ, ಆ ಪಂದ್ಯ ಕೈತಪ್ಪಿತು. ವರ್ಷದ ಕೊನೆಗೆ ಲೊರೆನ್ಸೊ ವಿಶ್ವಪ್ರಶಸ್ತಿಯನ್ನು ಕೇವಲ 4 ಅಂಕಗಳಿಂದ ಕಳೆದುಕೊಂಡನು.

ಆ ಪ್ರಶಸ್ತಿಯನ್ನು ಗೆದ್ದವನು ಮಾರ್ಕ್ ಮಾರ್ಕೆಸ್. ಕೆಟಲೋನಿಯಾದ ಸೆರ್ವೆರಾ ಎಂಬ ಊರಿನಲ್ಲಿ 1993ರಲ್ಲಿ ಹುಟ್ಟಿದ ಇವನು 2013ರಿಂದ 2019ರವರೆಗಿನ ಏಳು ವರ್ಷಗಳಲ್ಲಿ ಆರು ಬಾರಿ ಮೋಟೋಜಿಪಿ ವಿಶ್ವವಿಜೇತನಾದನು. ಎದುರಾಳಿಯ ಮೇಲೆ ಎರಗಿದ ಪರೀಕ್ಷೆಯೇ ಏಳು ವರ್ಷಗಳ ಬಳಿಕ ಇವನನ್ನೂ ಎದುರಾಯಿತು.

2020ರ ಜುಲೈ 19ರಂದು ಸ್ಪೇನಿನ ಹೆರೆಸ್ ಪಥದಲ್ಲಿ ವರ್ಷದ ಮೊದಲ ಪಂದ್ಯ. ಮಾರ್ಕೆಸ್ ಆರಂಭದಲ್ಲಿ ಪಥ ತಪ್ಪಿ ಜಲ್ಲಿಗೆ ಹೊರಳಿದರೂ ಬೀಳದೆ ಉಳಿದು ಬಹಳ ಹಿಂದೆ ಸರಿದನು. ಅಲ್ಲಿಂದ ಒಬ್ಬೊಬ್ಬರನ್ನೇ ಹಿಂದಿಕ್ಕುತ್ತ ಮೂರನೆಯ ಸ್ಥಾನಕ್ಕೆ ಬಂದನು. ಇನ್ನು ಕೆಲವೇ ಸುತ್ತುಗಳು ಉಳಿದಿದ್ದಾಗ ಮೂರನೆಯ ತಿರುವಿನಲ್ಲಿ ಹಿಂದಿನ ಗಾಲಿ ಜಾರಿ, ಮೇಲೆ ವಿವರಿಸಿದ ಹೈಸೈಡ್ ಸಂಭವಿಸಿತು. ಉರುಳುತ್ತಿದ್ದ ವಾಹನವು ಅವನ ಬಲದೋಳಿಗೆ ಬಡಿದು ಮೇಲ್ತೋಳಿನ ಎಲುಬು ಮುರಿಯಿತು.

ಎರಡು ದಿನಗಳಲ್ಲಿ ಶಸ್ತ್ರಚಿಕಿತ್ಸೆ ನಡೆದು ಪಟ್ಟಿ ಬಿಗಿಯಲಾಯಿತು. ಅದಾದ ನಾಲ್ಕನೆಯ ದಿನ, ಜುಲೈ 25ರಂದು, ಅದೇ ಪಥದಲ್ಲಿ ಮುಂದಿನ ಪಂದ್ಯದ ಅಭ್ಯಾಸಕ್ಕೆ ಮಾರ್ಕೆಸ್ ವಾಹನವೇರಿದನು. ನೋವು ತಾಳಲಾರದೆ ಅಂದೇ ಹಿಂದೆ ಸರಿದನು. ಕೆಲವು ದಿನಗಳ ಬಳಿಕ ಮನೆಯಲ್ಲಿ ಕಿಟಕಿಯೊಂದನ್ನು ತೆರೆಯುವಾಗ ಆ ಪಟ್ಟಿ ಮುರಿಯಿತೆಂದು ವರದಿಯಾಯಿತು. ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗವನ್ನು ಪಳಗಿಸಿದ ತೋಳು ಮನೆಯ ಕಿಟಕಿಗೆ ಸೋತಿತು! ಮುರಿದದ್ದು ಅಂದಾದರೂ ಲೋಹವು ದಣಿದದ್ದು ಮೊದಲೇ ಎಂದು ತಿಳಿಯುವುದು ಕಷ್ಟವಲ್ಲ.

ಆಗಸ್ಟ್ 3ರಂದು ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಳು ಕಳೆದರೂ ಎಲುಬು ಕೂಡಲಿಲ್ಲ. ಮುರಿದ ಎಡೆಯಲ್ಲಿ ಹುಸಿಕೀಲಿನಂತಹ ಸ್ಥಿತಿ ಉಂಟಾಯಿತು. ಡಿಸೆಂಬರಿನಲ್ಲಿ ಮೂರನೆಯ ಬಾರಿ ತೋಳನ್ನು ತೆರೆದು, ಸೊಂಟದ ಎಲುಬಿನಿಂದ ತುಣುಕು ತೆಗೆದು ಕಸಿ ಮಾಡಲಾಯಿತು. ಆಗ ಎಲುಬಿನಲ್ಲಿ ಸೋಂಕು ಇರುವುದೂ ಗೊತ್ತಾಗಿ ದೀರ್ಘಕಾಲ ಔಷಧಿ ಸೇವಿಸಬೇಕಾಯಿತು. ಒಂದು ಪಂದ್ಯವನ್ನು ಉಳಿಸಿಕೊಳ್ಳಲು ಹೋಗಿ ಒಂದು ವರ್ಷದ ಪಂದ್ಯಗಳೆಲ್ಲ ಕೈಬಿಟ್ಟವು. ಅಷ್ಟು ಬೇಗ ಮರಳಿದ್ದು ತಪ್ಪಾಯಿತೆಂದು ಅವನೇ ಮುಂದೆ ಒಪ್ಪಿಕೊಂಡನು.

ದೀರ್ಘವಾದ ದಾರಿ

2021ರ ಏಪ್ರಿಲ್ 18ರಂದು, ಒಂಬತ್ತು ತಿಂಗಳ ಬಳಿಕ, ಪೋರ್ಚುಗಲ್ಲಿನ ಪೋರ್ಟಿಮಾವ್ ಪಥದಲ್ಲಿ ಮಾರ್ಕೆಸ್ ಮತ್ತೆ ಓಡಿ ಏಳನೆಯವನಾದನು. ಪಂದ್ಯ ಮುಗಿಸಿ ಬಂದು ತನ್ನ ತಂಡದವರ ನಡುವೆ ಅತ್ತನು. ಗೆದ್ದಾಗ ನಗುವುದನ್ನೇ ಕಂಡಿದ್ದ ಜನರಿಗೆ ಏಳನೆಯ ಸ್ಥಾನಕ್ಕಾಗಿ ಅತ್ತ ವಿಜೇತನು ಬೇರೆಯೇ ಮನುಷ್ಯನಾಗಿ ಕಂಡಿರಬೇಕು. ಜೂನ್ 20ರಂದು ಸಾಕ್ಸೆನ್‌ರಿಂಗಿನಲ್ಲಿ ಗೆಲುವೂ ದೊರೆಯಿತು.

ಆದರೆ ತೋಳು ಮೊದಲಿನಂತಾಗಿರಲಿಲ್ಲ. ಎಲುಬು ಕೂಡುವಾಗ 30 ಡಿಗ್ರಿಗೂ ಹೆಚ್ಚು ತಿರುಚಿಕೊಂಡು ಕೂಡಿತ್ತು. 2021ರ ಕೊನೆಯಲ್ಲಿಯೂ 2022ರ ಮಾರ್ಚಿನಲ್ಲಿಯೂ ಬಿದ್ದ ಪೆಟ್ಟುಗಳಿಂದ ಒಂದೇ ವಸ್ತು ಎರಡಾಗಿ ಕಾಣುವ ದೃಷ್ಟಿದೋಷವೂ ಕಾಡಿತು. 2022ರ ಜೂನಿನಲ್ಲಿ ಅಮೆರಿಕದ ರೋಚೆಸ್ಟರ್ ನಗರದಲ್ಲಿ, ಕೂಡಿದ್ದ ಎಲುಬನ್ನು ವೈದ್ಯರು ಬೇಕೆಂದೇ ಕತ್ತರಿಸಿ, ತಿರುಚನ್ನು ಸರಿಪಡಿಸಿ, ಮತ್ತೆ ಪಟ್ಟಿ ಬಿಗಿದರು. ಇದು ನಾಲ್ಕನೆಯ ಶಸ್ತ್ರಚಿಕಿತ್ಸೆ. ನೇರವಾಗಲು ಮತ್ತೊಮ್ಮೆ ಮುರಿಯಬೇಕಾಯಿತು.

2024ರ ಸೆಪ್ಟೆಂಬರ್ 1ರಂದು ಸ್ಪೇನಿನ ಅರಗಾನ್ ಪಥದಲ್ಲಿ ಅವನಿಗೆ ಜಯ ಒಲಿಯಿತು. ಅದಕ್ಕೆ ಹಿಂದಿನ ಗೆಲುವು 2021ರ ಅಕ್ಟೋಬರಿನದು. 2025ರ ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ ಏಳನೆಯ ಮೋಟೋಜಿಪಿ ವಿಶ್ವಪ್ರಶಸ್ತಿ ಖಚಿತವಾಯಿತು. ಆರನೆಯ ಪ್ರಶಸ್ತಿಗೂ ಏಳನೆಯದಕ್ಕೂ ನಡುವೆ 2,184 ದಿನಗಳು ಕಳೆದಿದ್ದವು.

ಮರಳುವುದೆಂದರೇನು?

ಚೇತರಿಕೆಯೆಂದರೆ ಎಲ್ಲರೂ ಮೊದಲಿನ ಸ್ಥಾನಕ್ಕೇ ಮರಳುವುದೆಂದು ಭಾವಿಸಬಾರದು. 1992ರಲ್ಲಿ ಅಸೆನ್ ಪಥದಲ್ಲಿ ಆಸ್ಟ್ರೇಲಿಯಾದ ಮಿಕ್ ಡೂಹನ್ ಬಲಗಾಲನ್ನು ಮುರಿದುಕೊಂಡನು. ರಕ್ತಸಂಚಾರ ಕುಂದಿ ಕಾಲನ್ನೇ ಕತ್ತರಿಸಬೇಕಾದೀತೆಂಬ ಸ್ಥಿತಿ ಬಂದಿತು. ಇಟಲಿಯ ವೈದ್ಯ ಕ್ಲಾಡಿಯೋ ಕೋಸ್ಟಾ ಅವನ ಎರಡೂ ಕಾಲುಗಳನ್ನು ಜೋಡಿಸಿ ಹೊಲಿದು, ಎಡಗಾಲಿನ ರಕ್ತದಿಂದ ಬಲಗಾಲನ್ನು ಬದುಕಿಸಿದನು. ಕಾಲು ಉಳಿಯಿತು, ಆದರೆ ಕಣಕಾಲಿನ ಚಲನೆ ಹೋಯಿತು. ಕಾಲಿನಿಂದ ಒತ್ತಬೇಕಾದ ಹಿಂದಿನ ಬ್ರೇಕನ್ನು ಡೂಹನ್ ಎಡಗೈ ಹೆಬ್ಬೆರಳಿನಿಂದ ಒತ್ತುವಂತೆ ಮಾಡಿಸಿಕೊಂಡನು. ಹೀಗೆ ಬೇರೊಂದು ಬಗೆಯ ಸವಾರನಾಗಿ 1994ರಿಂದ 1998ರವರೆಗೆ ಸತತವಾಗಿ ಐದು ವಿಶ್ವಪ್ರಶಸ್ತಿಗಳನ್ನು ಗೆದ್ದನು.

ಅಮೆರಿಕದ ವೇಯ್ನ್ ರೈನಿಗೆ ಅಷ್ಟು ದೊರೆಯಲಿಲ್ಲ. ಮೂರು ಬಾರಿ ವಿಶ್ವವಿಜೇತನಾಗಿದ್ದ ಅವನು 1993ರ ಸೆಪ್ಟೆಂಬರ್ 5ರಂದು ಇಟಲಿಯ ಮಿಸಾನೋ ಪಥದಲ್ಲಿ ಮುಂಚೂಣಿಯಲ್ಲಿದ್ದಾಗ ಬಿದ್ದು ಬೆನ್ನೆಲುಬು ಮುರಿಯಿತು. ಎದೆಯಿಂದ ಕೆಳಗೆ ಚಲನೆಯೇ ಇಲ್ಲದಾಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಪಂದ್ಯದ ತಂಡವನ್ನು ನಡೆಸಿದ ರೈನಿ, 2015ರಿಂದ ತನ್ನ ದೇಶದ ಮೋಟಾರ್ ಸೈಕಲ್ ಪಂದ್ಯಗಳ ವ್ಯವಸ್ಥೆಯ ನೇತೃತ್ವ ವಹಿಸಿದನು. 2019ರಲ್ಲಿ ಜಪಾನಿನ ಸುಜುಕಾ ಪಥದಲ್ಲಿ, ಎಲ್ಲವನ್ನೂ ಕೈಯಿಂದಲೇ ನಡೆಸುವಂತೆ ಮಾರ್ಪಡಿಸಿದ ವಾಹನವನ್ನು ಮತ್ತೆ ಓಡಿಸಿದನು. ಅದು ಪಂದ್ಯವಾಗಿರಲಿಲ್ಲ. ಅವನು ಮರಳಿದ್ದು ಗೆಲ್ಲುವುದಕ್ಕಲ್ಲ.

ಕರ್ನಾಟಕದ ನಿದರ್ಶನವೂ ಒಂದಿದೆ. ಅದು ಪಥದ್ದಲ್ಲ, ಮರುಭೂಮಿಯದು. ಡಾಕರ್ ಎಂಬ ಕಠಿಣವಾದ ದೂರಪಂದ್ಯವನ್ನು 2015ರಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯರೆಂಬ ಕೀರ್ತಿಯನ್ನು ಬೆಂಗಳೂರಿನ ಸಿ. ಎಸ್. ಸಂತೋಷ್ ಪಡೆದರು. 2021ರ ಜನವರಿ 6ರಂದು ಸೌದಿ ಅರೇಬಿಯಾದಲ್ಲಿ ಅದೇ ಪಂದ್ಯದ ನಾಲ್ಕನೆಯ ಹಂತದಲ್ಲಿ ಅವರು ಬಿದ್ದು ತಲೆಗೆ ಪೆಟ್ಟಾದಾಗ, ವೈದ್ಯರು ಔಷಧಿಯಿಂದ ಅವರನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿರಿಸಿ ಮಿದುಳಿಗೆ ವಿಶ್ರಾಂತಿ ಕೊಟ್ಟರು. ಚೇತರಿಸಿಕೊಂಡು ಅವರು ತಾಯ್ನಾಡಿಗೆ ಮರಳಿದರು. ಎಚ್ಚರವೂ ಒಂದು ಹೊರೆ, ಕೆಲಕಾಲ ಅದನ್ನೂ ಇಳಿಸಬೇಕಾಗುತ್ತದೆ ಎಂಬುದನ್ನು ಆ ಚಿಕಿತ್ಸೆ ತೋರಿಸುತ್ತದೆ.

ಸಾಮಾನ್ಯ ಸವಾರನ ಕರ್ತವ್ಯ

ಈ ಪ್ರಸಿದ್ಧರ ಹಿಂದೆ ವೈದ್ಯರ ತಂಡವೂ ಹಣದ ಬಲವೂ ಇದ್ದವು. ಪಥದ ದಿನದಲ್ಲಿ ಬಿದ್ದ ಸಾಮಾನ್ಯ ಸವಾರನಿಗೆ ಸೋಮವಾರ ಕಚೇರಿಯಿದೆ, ಮನೆಯಲ್ಲಿ ಅವಲಂಬಿಸಿದವರಿದ್ದಾರೆ. ಮರಳುವುದಕ್ಕೆ ಅವನ ಮೇಲೆ ಒತ್ತಾಯ ಹೇರುವ ಪ್ರಶಸ್ತಿಯಾವುದೂ ಇಲ್ಲ. ಇರುವುದು ಅವನದೇ ಅಭಿಮಾನ. ಆದುದರಿಂದ ಕಾಯುವುದು ಅವನಿಗೆ ಸುಲಭವಾಗಬೇಕು.

ಕಾಯುವ ಕಾಲದಲ್ಲಿ ಮಾಡಬೇಕಾದ ಕೆಲಸಗಳು ಮೂರು. ಮೊದಲನೆಯದು, ಬಿದ್ದ ಕಾರಣವನ್ನು ಅರಿಯುವುದು. ಟಯರು ತಣ್ಣಗಿತ್ತೇ, ಬ್ರೇಕು ತಡವಾಯಿತೇ, ದಣಿವೇ, ಹಟವೇ ಎಂದು ನಿರ್ದಾಕ್ಷಿಣ್ಯವಾಗಿ ವಿಚಾರಿಸಬೇಕು. ಕಾರಣ ತಿಳಿಯದೆ ಮರಳಿದವನ ಜೊತೆಗೆ ಭಯವೂ ಮರಳುತ್ತದೆ, ಏಕೆಂದರೆ ಅವನಿಗೆ ಪ್ರತಿಯೊಂದು ತಿರುವೂ ಅದೇ ತಿರುವಾಗಿರುತ್ತದೆ. ಎರಡನೆಯದು, ವಾಹನದ ಪರೀಕ್ಷೆ. ಹಿಡಿಕೆ, ಮುಂದಿನ ಕವಲು, ಚೌಕಟ್ಟು, ಗಾಲಿ, ಬ್ರೇಕು ಇವುಗಳಲ್ಲಿ ಕಣ್ಣಿಗೆ ಕಾಣದ ಬಾಗು ಬಿರುಕುಗಳಿರಬಹುದು. ಮೂರನೆಯದು, ವೈದ್ಯರ ಅಪ್ಪಣೆಗೆ ಕಾಯುವುದು. ನೋವು ಇಲ್ಲದಿರುವುದು ಎಲುಬು ಕೂಡಿದ್ದಕ್ಕೆ ಸಾಕ್ಷಿಯಲ್ಲ. ಕೈಗಳಲ್ಲಿ ಬಲ ಸಮವಾಗಿದೆಯೇ, ತಟ್ಟನೆ ಬ್ರೇಕು ಹಿಡಿಯಬಲ್ಲುದೇ, ತಲೆ ನಿರ್ಮಲವಾಗಿದೆಯೇ ಎಂಬುದನ್ನು ಪರೀಕ್ಷಿಸಿ ತಿಳಿಯಬೇಕು. ಇಷ್ಟಾದ ಮೇಲೆ ಮೊದಲ ದಿನ ಆರಂಭಿಕರ ಗುಂಪಿನಲ್ಲಿ, ಗಡಿಯಾರ ನೋಡದೆ, ಮೆಲ್ಲಗೆ ಓಡುವುದು ಲೇಸು.

ಉಪಸಂಹಾರ

ಮಾರ್ಕೆಸ್‌ನ ಕಥೆಗೆ ಒಂದು ಕೊನೆಯ ಅಧ್ಯಾಯವಿದೆ. 2025ರಲ್ಲಿ ಏಳನೆಯ ಪ್ರಶಸ್ತಿ ಗೆದ್ದ ಮರುವಾರವೇ, ಅಕ್ಟೋಬರ್ 5ರಂದು, ಇಂಡೋನೇಷ್ಯಾದ ಮಂಡಲಿಕಾ ಪಥದಲ್ಲಿ ಮೊದಲ ಸುತ್ತಿನಲ್ಲಿಯೇ ಇನ್ನೊಬ್ಬ ಸವಾರನು ಹಿಂದಿನಿಂದ ಬಡಿದು ಅವನು ಬಿದ್ದನು. ಪೆಟ್ಟಾದದ್ದು ಮತ್ತೆ ಅದೇ ಬಲಭುಜಕ್ಕೆ. ಮೊದಲು ಭುಜವನ್ನು ಅಲುಗದಂತೆ ಕಟ್ಟಿಟ್ಟು ನೋಡಲಾಯಿತು. ಅದರಿಂದ ಸಾಲದೆ ಶಸ್ತ್ರಚಿಕಿತ್ಸೆಯಾಯಿತು. ವರ್ಷದಲ್ಲಿ ಇನ್ನೂ ನಾಲ್ಕು ಪಂದ್ಯಗಳಿದ್ದವು. ಐದು ವರ್ಷಗಳ ಹಿಂದೆ ನಾಲ್ಕು ದಿನ ಕಾಯದಿದ್ದವನು ಈ ಬಾರಿ ಆ ನಾಲ್ಕನ್ನೂ ಬಿಟ್ಟು ಮನೆಯಲ್ಲಿ ಉಳಿದನು. ಪ್ರಶಸ್ತಿ ಆಗಲೇ ಕೈಸೇರಿತ್ತಾದುದರಿಂದ ಕಾಯುವುದು ಸುಲಭವಾಯಿತೆಂದು ಯಾರಾದರೂ ಹೇಳಬಹುದು. ಆದರೂ ನಾಲ್ಕು ಬಾರಿ ತೆರೆದು ಹೊಲಿದ ತೋಳು ಕಲಿಸಿದ ಪಾಠವನ್ನು ಅವನು ಮರೆತಿರಲಿಲ್ಲವೆಂಬುದು ಸ್ಪಷ್ಟ.

ಪಂದ್ಯದ ಪಥವನ್ನು ಕಾಣದ ವಿದ್ಯಾರ್ಥಿಗೂ ಇದರಲ್ಲಿ ತಿಳಿಯಬೇಕಾದುದುಂಟು. ಶಾಲೆಯ ಮೈದಾನದಲ್ಲಿ ಬಿದ್ದು ಕೈ ಮುರಿದುಕೊಂಡ ಬಾಲಕನು, ಪ್ಲಾಸ್ಟರ್ ಬಿಚ್ಚಿದ ದಿನವೇ ಕಬಡ್ಡಿಯ ಅಂಗಳಕ್ಕೆ ಇಳಿಯಲು ಹಾತೊರೆಯುತ್ತಾನೆ. ಗೆಳೆಯರು ಕರೆಯುತ್ತಾರೆ, ಹೋಗದಿದ್ದರೆ ಹೇಡಿಯೆನ್ನುತ್ತಾರೆ. ಅಂದು ಅಂಗಳದ ಅಂಚಿನಲ್ಲಿ ಕುಳಿತು ಆಟವನ್ನು ನೋಡುವುದಕ್ಕೆ, ಆಡುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ತಾಳಿದವನು ಬಾಳಿಯಾನು ಎಂದರು ಹಿರಿಯರು. ಬೀಳುವುದು ಒಂದು ಕ್ಷಣದ ಕೆಲಸ. ಅದರಲ್ಲಿ ಮನುಷ್ಯನ ಕೈವಾಡ ಅಲ್ಪ. ಏಳುವುದಕ್ಕೆ ಎಲುಬು ಕೇಳಿದಷ್ಟು ಕಾಲವನ್ನು ಕೊಡುವುದು ಮಾತ್ರ ಪೂರ್ಣವಾಗಿ ಅವನ ಕೈಯಲ್ಲಿದೆ.